ಅಜಂತೆಯ ಗೋಡೆ ಮತ್ತು ಕೆ. ವೆಂಕಟಪ್ಪ

ಮೈಸೂರಿನ ಚಿತ್ರಗಾರ ಮನೆತನದಲ್ಲಿ ಜನಿಸಿದ ಕೆ. ವೆಂಕಟಪ್ಪನವರಿಗೆ ಪ್ರತಿಕೃತಿ ರಚನೆ ಹೊಸತಾಗಿರಲಿಲ್ಲ. ಹಿರಿಯರ ರೇಖೆಯನ್ನು ಮತ್ತೆ ಮತ್ತೆ ತಿದ್ದಿ ಕೈ ಪಳಗಿಸಿಕೊಳ್ಳುವುದೇ ಅಂಥ ಮನೆತನಗಳ ವಿದ್ಯಾಭ್ಯಾಸ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದ ಅವರಿಗೆ, ಕೆಲವೇ ತಿಂಗಳಲ್ಲಿ ಅದೇ ಅಭ್ಯಾಸ ಅಜಂತೆಯಲ್ಲಿ ಮರಳಿ ಒದಗಿತು.

ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದು ಸೀಮೆಯ ಈ ಗುಹೆಗಳು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಮೇಜರ್ ರಾಬರ್ಟ್ ಗಿಲ್ ತೆಗೆದ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ, ಜಾನ್ ಗ್ರಿಫಿತ್ಸ್ ಮುಂಬಯಿಯ ವಿದ್ಯಾರ್ಥಿಗಳೊಡನೆ ಮಾಡಿದವುಗಳಲ್ಲಿ ಹಲವು 1885ರಲ್ಲಿ ಲಂಡನ್ನಿನ ಬೆಂಕಿಗೆ ಆಹುತಿಯಾಗಿದ್ದವು. ಇತ್ತ ಗೋಡೆಯ ಗಾರೆಯೂ ಉದುರುತ್ತಿತ್ತು. ಮೂರನೆಯ ಬಾರಿಗೆ ಈ ಕೆಲಸಕ್ಕೆ ಕೈಹಾಕಿದ ಶ್ರೀಮತಿ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅವರ ತಂಡದಲ್ಲಿ ನಂದಲಾಲ ಬೋಸ್, ಅಸಿತಕುಮಾರ ಹಾಲ್ದಾರ್, ಸಮರೇಂದ್ರನಾಥ ಗುಪ್ತರೊಡನೆ ವೆಂಕಟಪ್ಪನವರೂ ಇದ್ದರು. ಆ ಪ್ರತಿಗಳು 1915ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು.

ಇಲ್ಲಿ ನಕಲು ಎಂಬ ಮಾತು ಸಾಲದು. ಅಜಂತೆಯ ಆಕೃತಿ ಕಂಡ ದೇಹದ ಅಳತೆಯದಲ್ಲ. ನೀಳವಾದ ಕಣ್ಣು, ಬಳುಕಿದ ನಡು, ಮುದ್ರೆಗೊಲಿದ ಬೆರಳುಗಳೆಲ್ಲವೂ ಒಂದು ಸಂಪ್ರದಾಯ ಒಪ್ಪಿಕೊಂಡ ರೂಪಗಳು. ಮಬ್ಬು ಬೆಳಕಿನಲ್ಲಿ ಅವನ್ನು ಅನುಸರಿಸುವವನು ಉದುರಿಹೋದ ಭಾಗವನ್ನು ತನ್ನ ಕಲ್ಪನೆಯಿಂದ ತುಂಬುವ ಆಸೆಯನ್ನು ಹತ್ತಿಕ್ಕಬೇಕು; ಉಳಿದ ರೇಖೆ ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಯಿತು ಎಂಬುದನ್ನು ಕೈಯಿಂದಲೇ ಅರಿಯಬೇಕು. ಬಂಗಾಳದ ತೊಳೆಬಣ್ಣದ ಪದ್ಧತಿ ಅಂಚುಗಳನ್ನು ಮಂಜಿನಲ್ಲಿ ಕರಗಿಸುತ್ತದೆ; ಅಜಂತೆಯಲ್ಲಾದರೋ ಆಕೃತಿಯನ್ನು ಹಿಡಿದು ನಿಲ್ಲಿಸುವುದೇ ಅಂಚು. ಗುರುವಿನ ಮಾರ್ಗಕ್ಕೂ ಗೋಡೆಯ ಪಾಠಕ್ಕೂ ನಡುವಿನ ಈ ಭೇದವನ್ನು ವೆಂಕಟಪ್ಪನವರ ಚಿತ್ರಗಳ ವಿಮರ್ಶೆ ಸಾಕಷ್ಟು ಗಣಿಸಿಲ್ಲವೆಂದೇ ಹೇಳಬೇಕು.

ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ 1913ರ ಪುರಾಣಕಥಾಗ್ರಂಥಕ್ಕೆ ಅವರು ರಾಮಾಯಣದ ಚಿತ್ರಗಳನ್ನು ಬರೆದರು. ಮಾರೀಚವಧೆ, ಜಟಾಯುವಿನ ಹೋರಾಟ ಅವುಗಳಲ್ಲಿ ಸೇರಿವೆ. ಪರಂಪರೆ ನಾಸಿಕದ ಪಂಚವಟಿಯೊಂದಿಗೆ ಗುರುತಿಸುವ ಪ್ರಸಂಗಗಳಿವು. ತೊಳೆಬಣ್ಣದ ಮೃದುತ್ವದ ನಡುವೆಯೂ ಇವುಗಳ ರೇಖೆ ಖಚಿತವಾಗಿದೆ.

ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಅರಮನೆಗಾಗಿ ಉಬ್ಬುಶಿಲ್ಪಗಳನ್ನು ರಚಿಸಿದರು. ಊಟಿಯ ಜಲವರ್ಣಗಳಲ್ಲಿ ಅವರ ಒಲವು ಸಂಪ್ರದಾಯದ ಆಕೃತಿಯಿಂದ ಕಣ್ಣೆದುರಿನ ಬೆಟ್ಟ, ಮೋಡ, ಬೆಳಕುಗಳತ್ತ ಹೊರಳಿತು. 1940ರಲ್ಲಿ ಮಹಾರಾಜರು ತೀರಿಕೊಂಡಾಗ ಆಶ್ರಯವೂ ಮುಗಿಯಿತು. ಬೆಂಗಳೂರಿಗೆ ಬಂದು ನೆಲೆಸಿದ ವೆಂಕಟಪ್ಪನವರು 1965ರಲ್ಲಿ ನಿಧನರಾದರು. ಅವರ ಕೃತಿಗಳು ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನಲ್ಲೇ ಸ್ಥಾಪಿತವಾದ ಚಿತ್ರಶಾಲೆಯನ್ನು ಸೇರಿದವು.