ವೈನ್‌ನಲ್ಲಿ ನೆನೆದ ಬಟ್ಟೆ ಮತ್ತು ಗ್ಯಾಲೆನ್

ಕೈ ತರಚಿದರೆ ಸ್ಪಿರಿಟ್ ಹಚ್ಚುತ್ತೇವೆ. ಚುರ್ರೆಂದರೂ ಹಲ್ಲು ಕಚ್ಚಿ ಸಹಿಸುತ್ತೇವೆ. ಸ್ಪಿರಿಟ್ ಭಟ್ಟಿ ಇಳಿಸುವುದು ಗೊತ್ತಿರದ ಕಾಲದಲ್ಲಿ ಗಾಯಕ್ಕೆ ಏನು ಮಾಡುತ್ತಿದ್ದರು? ಈ ಕುತೂಹಲ ಬಿಇ ಓದುವ ನನ್ನನ್ನು ಗ್ಯಾಲೆನ್ ಎಂಬ ವೈದ್ಯನ ಬಳಿಗೆ ಕರೆದೊಯ್ದಿತು.

ಗ್ಯಾಲೆನ್ ಹುಟ್ಟಿದ್ದು ಕ್ರಿ.ಶ. 129ರಲ್ಲಿ, ಈಗಿನ ಟರ್ಕಿಯಲ್ಲಿರುವ ಪೆರ್ಗಮಮ್ ನಗರದಲ್ಲಿ. ತಂದೆ ನಿಕಾನ್ ಕಟ್ಟಡಗಳ ವಿನ್ಯಾಸಕಾರ, ಅಂದರೆ ನಮ್ಮ ಕಡೆಯವನೇ! ಮಗನಿಗೆ ಗಣಿತ ಕಲಿಸಿದ. ಆಮೇಲೊಂದು ದಿನ, ಮಗ ವೈದ್ಯನಾಗಬೇಕೆಂದು ತಂದೆಗೆ ಕನಸು ಬಿತ್ತಂತೆ. ನಮ್ಮ ಮನೆಗಳಲ್ಲಿ ಸಿಇಟಿ ರ‍್ಯಾಂಕ್ ತೀರ್ಮಾನಿಸುವುದನ್ನು ಅಲ್ಲಿ ಕನಸು ತೀರ್ಮಾನಿಸಿತು. ಮಗನಿಗೆ ಹೆಚ್ಚುಕಡಿಮೆ ನನ್ನಷ್ಟು ವಯಸ್ಸಾದಾಗ ತಂದೆ ತೀರಿಕೊಂಡ. ಗ್ಯಾಲೆನ್ ಓದು ಬಿಡಲಿಲ್ಲ. ಸ್ಮಿರ್ನಾ, ಕೊರಿಂತ್, ಅಲೆಕ್ಸಾಂಡ್ರಿಯಾ ಎಂದು ವರ್ಷಗಟ್ಟಲೆ ಊರೂರು ಸುತ್ತಿ ಕಲಿತ.

157ರಲ್ಲಿ ಊರಿಗೆ ಮರಳಿದವನಿಗೆ ಸಿಕ್ಕ ಕೆಲಸ ಗ್ಲಾಡಿಯೇಟರ್‌ಗಳ ಚಿಕಿತ್ಸೆ. ಜನರ ಮನರಂಜನೆಗಾಗಿ ಕತ್ತಿ ಹಿಡಿದು ಕಾದಾಡುತ್ತಿದ್ದವರು ಅವರು. ಅವರ ಆಳವಾದ ಗಾಯಗಳ ಮೇಲೆ ಗ್ಯಾಲೆನ್ ವೈನ್‌ನಲ್ಲಿ ನೆನೆಸಿದ ಬಟ್ಟೆ ಹಾಕಿ, ಅದು ಒಣಗದಂತೆ ನೋಡಿಕೊಂಡ. ಹಿಂದಿನ ವೈದ್ಯರ ಕೈಯಲ್ಲಿ ಸತ್ತವರಿಗಿಂತ ತನ್ನಲ್ಲಿ ಸತ್ತವರು ತೀರಾ ಕಡಿಮೆ ಎಂದು ಅವನೇ ಬರೆದಿದ್ದಾನೆ. ಮುಂದೆ ರೋಮ್‌ಗೆ ಹೋಗಿ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ವೈದ್ಯನಾದ. 192ರ ಬೆಂಕಿಯಲ್ಲಿ ಅವನ ಎಷ್ಟೋ ಪುಸ್ತಕಗಳು ಸುಟ್ಟುಹೋದವು. ಮತ್ತೆ ಬರೆಯಲು ಕುಳಿತ.

ಸೂಕ್ಷ್ಮಾಣುಗಳ ವಿಷಯ ಅವನಿಗೆ ಗೊತ್ತಿರಲಿಲ್ಲ. ದೇಹದಲ್ಲಿ ನಾಲ್ಕು ರಸಗಳಿವೆ, ಗಾಯದಲ್ಲಿ ಹೆಚ್ಚಾದ ತೇವವನ್ನು ವೈನ್ ಹೀರುತ್ತದೆ ಎಂಬುದು ಅವನ ಲೆಕ್ಕಾಚಾರ. ಈಗ ನಾವು ಬಳಸುವ ಸ್ಪಿರಿಟ್‌ನಲ್ಲಿ ಸುಮಾರು ಶೇ 70ರಷ್ಟು ಆಲ್ಕೋಹಾಲ್ ಇರುತ್ತದೆ. ವೈನ್‌ನಲ್ಲಿ ಇರುವುದು ಅದರ ಐದಾರರಲ್ಲಿ ಒಂದು ಪಾಲು ಮಾತ್ರ. ಆದರೆ ವೈನ್‌ನ ಹುಳಿ ಮತ್ತು ದ್ರಾಕ್ಷಿಯ ಇತರ ಅಂಶಗಳಿಗೂ ಸೂಕ್ಷ್ಮಾಣುಗಳನ್ನು ತಡೆಯುವ ಗುಣವಿದೆ. ಕಾರಣ ತಪ್ಪಾಗಿತ್ತು, ಕೆಲಸ ಸರಿಯಾಗಿತ್ತು.

ನನಗೆ ಬೇಸರ ತರಿಸುವುದು ಮುಂದಿನ ಕಥೆ. ಗ್ಯಾಲೆನ್ ಮಂಗ, ಹಂದಿಗಳನ್ನು ಕೊಯ್ದು ನೋಡಿ ಮನುಷ್ಯನ ದೇಹದ ಬಗ್ಗೆ ಬರೆದಿದ್ದ. ಅದರಲ್ಲಿ ತಪ್ಪುಗಳಿದ್ದವು. ಆದರೂ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯುರೋಪಿನಲ್ಲಿ ಅವನ ಪುಸ್ತಕವೇ ಅಂತಿಮ ಮಾತಾಯಿತು. 1543ರಲ್ಲಿ ವೆಸಾಲಿಯಸ್ ಮನುಷ್ಯ ಶರೀರವನ್ನೇ ಕೊಯ್ದು ನೋಡಿ ಅವುಗಳನ್ನು ತಿದ್ದಬೇಕಾಯಿತು. ಗಾಯದ ವಿಷಯದಲ್ಲೂ ಅಷ್ಟೆ. ಕೀವು ಬಂದರೇನೇ ಗಾಯ ಮಾಯುತ್ತದೆ ಎಂದು ಗ್ಯಾಲೆನ್ ಹೆಸರಿನಲ್ಲೇ ಅನೇಕರು ನಂಬಿದ್ದರು. 13ನೇ ಶತಮಾನದಲ್ಲಿ ಇಟಲಿಯ ಥಿಯೊಡೊರಿಕ್ ಅದನ್ನು ವಿರೋಧಿಸಿ, ವೈನ್‌ನಿಂದ ತೊಳೆದು ಕಟ್ಟಿದರೆ ಸಾಕು ಎಂದರೂ ಹೆಚ್ಚಿನವರು ಕಿವಿಗೊಡಲಿಲ್ಲ. ಗುರು ಗಾಯವನ್ನು ನೋಡಿದ್ದ, ಶಿಷ್ಯರು ಪುಸ್ತಕವನ್ನು ನೋಡಿದರು.

ಲ್ಯಾಬ್‌ನಲ್ಲಿ ಥಿಯರಿಗೆ ಹೊಂದದ ರೀಡಿಂಗ್ ಬಂದಾಗ ರೀಡಿಂಗನ್ನೇ ತಿದ್ದುವ ಆಸೆ ಯಾರಿಗಾದರೂ ಆಗುತ್ತದೆ. ಆ ಕ್ಷಣದಲ್ಲಿ ಗ್ಯಾಲೆನ್‌ನ ಆ ಒದ್ದೆ ಬಟ್ಟೆಯನ್ನು ನೆನಪಿಸಿಕೊಳ್ಳೋಣ. ಗ್ಲಾಡಿಯೇಟರ್‌ಗಳನ್ನು ಉಳಿಸಿದ್ದು ಅವನ ಥಿಯರಿಯಲ್ಲ, ಆ ಬಟ್ಟೆ.