ಟೆಡ್ಡಿ ವಿಲ್ಸನ್

ಟೆಡ್ಡಿ ವಿಲ್ಸನ್ (ಪೂರ್ಣ ಹೆಸರು: ಥಿಯೋಡರ್ ಶಾ ವಿಲ್ಸನ್, ನವೆಂಬರ್ 24, 1912 – ಜುಲೈ 31, 1986) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಜಾಝ್ ಪಿಯಾನೋ ವಾದಕರು, ವಾದ್ಯವೃಂದದ ನಾಯಕರು ಮತ್ತು ಸಂಗೀತ ಶಿಕ್ಷಕರು. 1930ರ ದಶಕದಲ್ಲಿ ಪ್ರಚಾರಕ್ಕೆ ಬಂದ 'ಸ್ವಿಂಗ್' ಎಂಬ ಜಾಝ್ ಪ್ರಕಾರದ ಪ್ರಮುಖ ಪಿಯಾನೋ ವಾದಕರಲ್ಲಿ ಅವರೊಬ್ಬರು. ಗಾಯಕಿ ಬಿಲ್ಲಿ ಹಾಲಿಡೇ ಅವರ ಆರಂಭದ ಧ್ವನಿಮುದ್ರಣಗಳಲ್ಲಿ ಪಿಯಾನೋ ನುಡಿಸಿ, ವೃಂದವನ್ನು ನಡೆಸಿದವರು ವಿಲ್ಸನ್. ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರ ತಂಡದಲ್ಲಿ ನುಡಿಸುವ ಮೂಲಕ, ಕರಿಯ ಮತ್ತು ಬಿಳಿಯ ಕಲಾವಿದರು ಒಂದೇ ವೇದಿಕೆಯಲ್ಲಿ ಕಾಣಿಸಿಕೊಳ್ಳಬಾರದೆಂಬ ಅಂದಿನ ಕಟ್ಟುಪಾಡನ್ನು ಮುರಿದವರಲ್ಲಿಯೂ ಅವರು ಮೊದಲಿಗರು.

ಬಾಲ್ಯ ಮತ್ತು ಶಿಕ್ಷಣ

ವಿಲ್ಸನ್ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಜನಿಸಿದರು. ಅವರ ಬಾಲ್ಯದಲ್ಲಿಯೇ ಕುಟುಂಬವು ಅಲಬಾಮಾ ರಾಜ್ಯದ ಟಸ್ಕೀಗೀಗೆ ಬಂದು ನೆಲೆಸಿತು. ಕರಿಯ ಜನಾಂಗದ ವಿದ್ಯಾಭ್ಯಾಸಕ್ಕಾಗಿ ಸ್ಥಾಪಿತವಾಗಿದ್ದ ಟಸ್ಕೀಗೀ ಸಂಸ್ಥೆಯಲ್ಲಿ ಅವರ ತಂದೆ ಇಂಗ್ಲಿಷ್ ಅಧ್ಯಾಪಕರಾಗಿದ್ದರು; ತಾಯಿ ಗ್ರಂಥಪಾಲಕಿಯಾಗಿದ್ದರು. ಪುಸ್ತಕಗಳ ನಡುವೆ, ಶಿಸ್ತಿನ ವಾತಾವರಣದಲ್ಲಿ ಬೆಳೆದ ಬಾಲಕ ಪಿಯಾನೋ ಮತ್ತು ಪಿಟೀಲು ಎರಡನ್ನೂ ಅಭ್ಯಾಸ ಮಾಡಿದನು. ಮುಂದೆ ಟ್ಯಾಲಡೀಗ ಕಾಲೇಜಿನಲ್ಲಿ ಸ್ವಲ್ಪ ಕಾಲ ಸಂಗೀತಶಾಸ್ತ್ರವನ್ನು ಕಲಿತನು. ಆ ಕಾಲದ ಅನೇಕ ಜಾಝ್ ಕಲಾವಿದರು ಕೇಳ್ಮೆಯಿಂದಲೇ ವಿದ್ಯೆಯನ್ನು ಸಂಪಾದಿಸಿದವರು. ವಿಲ್ಸನ್ ಅವರಿಗೆ ಕೇಳ್ಮೆಯ ಜೊತೆಗೆ ಕ್ರಮಬದ್ಧ ಪಾಠವೂ ದೊರೆತಿತ್ತು. ಅವರ ವಾದನದಲ್ಲಿ ಕಡೆಯವರೆಗೂ ಉಳಿದ ಅಚ್ಚುಕಟ್ಟುತನಕ್ಕೆ ಈ ಶಿಕ್ಷಣವು ತಳಹದಿಯಾಯಿತು.

ಆರಂಭಿಕ ವೃತ್ತಿಜೀವನ

1929ರಲ್ಲಿ ಅವರು ಉತ್ತರದ ಡೆಟ್ರಾಯಿಟ್ ನಗರಕ್ಕೆ ಹೋದರು ಮತ್ತು ಸ್ಪೀಡ್ ವೆಬ್ ಎಂಬುವರ ವಾದ್ಯವೃಂದವನ್ನು ಸೇರಿದರು. ಅನಂತರ ಓಹಾಯೊ ರಾಜ್ಯದ ಟೊಲೀಡೊದಲ್ಲಿ, ಮಹಾನ್ ಪಿಯಾನೋ ವಾದಕ ಆರ್ಟ್ ಟೇಟಮ್ ತೆರವು ಮಾಡಿದ ಸ್ಥಾನವೊಂದು ಅವರಿಗೆ ಲಭಿಸಿತು. ಟೇಟಮ್ ಅವರ ಒಡನಾಟವು ಯುವಕ ವಿಲ್ಸನ್ ಮೇಲೆ ಗಾಢ ಪರಿಣಾಮ ಬೀರಿತು. ಅರ್ಲ್ ಹೈನ್ಸ್ ಮತ್ತು ಫ್ಯಾಟ್ಸ್ ವಾಲರ್ ಅವರ ವಾದನದಿಂದಲೂ ಅವರು ಬಹಳಷ್ಟನ್ನು ಕಲಿತರು.

1931ರಿಂದ ಶಿಕಾಗೊದಲ್ಲಿ ನೆಲೆಸಿದ ವಿಲ್ಸನ್, 1933ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ವೃಂದದೊಂದಿಗೆ ಧ್ವನಿಮುದ್ರಣಗಳಲ್ಲಿ ನುಡಿಸಿದರು. ಅವರ ವಾದನವನ್ನು ರೇಡಿಯೊದಲ್ಲಿ ಕೇಳಿದ ಧ್ವನಿಮುದ್ರಣ ನಿರ್ಮಾಪಕ ಜಾನ್ ಹ್ಯಾಮಂಡ್, ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಳ್ಳಲು ಉತ್ಸುಕರಾದರು. ಅದೇ ವರ್ಷ ವಿಲ್ಸನ್ ನ್ಯೂಯಾರ್ಕ್ ಸೇರಿ, ಬೆನ್ನಿ ಕಾರ್ಟರ್ ಅವರ ವೃಂದದಲ್ಲಿಯೂ ತರುವಾಯ ವಿಲ್ಲಿ ಬ್ರಯಂಟ್ ಅವರ ವೃಂದದಲ್ಲಿಯೂ ನುಡಿಸಿದರು.

ಬಿಲ್ಲಿ ಹಾಲಿಡೇ ಜೊತೆಗಿನ ಧ್ವನಿಮುದ್ರಣಗಳು

1935ರ ಜುಲೈ 2ರಂದು ಬ್ರನ್ಸ್‌ವಿಕ್ ಕಂಪನಿಗಾಗಿ ನಡೆದ ಧ್ವನಿಮುದ್ರಣವು ಜಾಝ್ ಇತಿಹಾಸದಲ್ಲಿ ಮುಖ್ಯವಾದುದು. ಆಗ ವಿಲ್ಸನ್ ಅವರಿಗೆ 22 ವರ್ಷ. ಗಾಯಕಿ ಬಿಲ್ಲಿ ಹಾಲಿಡೇ ಅವರಿಗೆ 20 ವರ್ಷ. ಈ ತಟ್ಟೆಗಳ ಮೇಲೆ ವೃಂದದ ನಾಯಕರಾಗಿ ಮುದ್ರಿತವಾದ ಹೆಸರು ವಿಲ್ಸನ್ ಅವರದು. ಹಾಲಿಡೇ ಆ ವೃಂದದ ಗಾಯಕಿ ಮಾತ್ರ. ನಾಣ್ಯ ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಯಂತ್ರಗಳ ಮಾರುಕಟ್ಟೆಯನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಇವುಗಳನ್ನು ತಯಾರಿಸಲಾಗುತ್ತಿತ್ತು. ಸಾಮಾನ್ಯ ಜನಪ್ರಿಯ ಗೀತೆಗಳನ್ನು ಆರಿಸಿಕೊಂಡು, ಹೆಚ್ಚಿನ ಪೂರ್ವಸಿದ್ಧತೆಯಿಲ್ಲದೆ ಒಂದೇ ದಿನದಲ್ಲಿ ಹಲವು ಹಾಡುಗಳನ್ನು ಮುದ್ರಿಸುವುದು ವಾಡಿಕೆಯಾಗಿತ್ತು.

ಇಂತಹ ಸೀಮಿತ ಅವಕಾಶದಲ್ಲಿ ವಿಲ್ಸನ್ ಸಾಧಿಸಿದ್ದು ಅಸಾಮಾನ್ಯವಾದುದು. ಸುಮಾರು ಮೂರು ನಿಮಿಷಗಳ ತಟ್ಟೆಯಲ್ಲಿ ಗಾಯಕಿಗೆ ಒಂದು ಸುತ್ತು, ಉಳಿದ ವಾದ್ಯಗಾರರಿಗೆ ಕೆಲವು ಸಾಲುಗಳು, ಪಿಯಾನೋಗೆ ಒಂದು ಪೀಠಿಕೆ ಅಥವಾ ಚಿಕ್ಕ ಮನೋಧರ್ಮ ವಾದನ ಎಂಬಂತೆ ಅವರು ಹಂಚಿಕೆ ಮಾಡುತ್ತಿದ್ದರು. ಇದರಿಂದ ಗಾಯಕಿಯೂ ವಾದ್ಯಗಾರರೂ ಸಮಾನರಾಗಿ ಪರಸ್ಪರ ಸಂಭಾಷಿಸುವಂತೆ ಕೇಳಿಸುತ್ತದೆ. ಹಾಲಿಡೇ ತಾಳಕ್ಕಿಂತ ತುಸು ಹಿಂದೆ ಸರಿದು, ಮೂಲ ಧಾಟಿಯನ್ನು ಬದಲಿಸಿ ಹಾಡುತ್ತಿದ್ದರು. ಹಾಗೆ ಹಾಡುವಾಗ ಲಯದ ನೆಲೆಯನ್ನು ಕದಲದಂತೆ ಹಿಡಿದು, ಅವರ ಸಾಲುಗಳ ನಡುವಿನ ವಿರಾಮವನ್ನು ಮಾತ್ರ ತುಂಬುತ್ತಿದ್ದುದು ವಿಲ್ಸನ್ ಅವರ ಪಿಯಾನೋ.

1937ರ ಜನವರಿ 25ರ ಧ್ವನಿಮುದ್ರಣದಲ್ಲಿ ಕೌಂಟ್ ಬೇಸಿ ವೃಂದದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಮತ್ತು ಟ್ರಂಪೆಟ್ ವಾದಕ ಬಕ್ ಕ್ಲೇಟನ್ ಜೊತೆಗೂಡಿದರು. ಹಾಲಿಡೇ ಮತ್ತು ಯಂಗ್ ಅವರ ಪ್ರಸಿದ್ಧ ಸಾಂಗತ್ಯವು ಧ್ವನಿಮುದ್ರಣದಲ್ಲಿ ಆರಂಭವಾದದ್ದು ವಿಲ್ಸನ್ ಅವರ ಈ ವೃಂದದಲ್ಲಿಯೇ. ಇಂದು ಈ ತಟ್ಟೆಗಳನ್ನು ಬಹುತೇಕ ಕೇಳುಗರು ಹಾಲಿಡೇ ಅವರ ಕೃತಿಗಳೆಂದೇ ಗುರುತಿಸುತ್ತಾರೆ; ನಾಯಕನ ಹೆಸರು ಹಿಂದೆ ಸರಿದಿದೆ.

ಬೆನ್ನಿ ಗುಡ್‌ಮನ್ ಮತ್ತು ವರ್ಣಭೇದದ ಗೋಡೆ

1935ರ ಬೇಸಿಗೆಯಲ್ಲಿ ಸಂಗೀತಗಾರ ರೆಡ್ ನಾರ್ವೊ ಅವರ ಮನೆಯ ಕೂಟವೊಂದರಲ್ಲಿ ವಿಲ್ಸನ್ ಮತ್ತು ಬೆನ್ನಿ ಗುಡ್‌ಮನ್ ಜೊತೆಯಾಗಿ ನುಡಿಸಿದರು. ಇಬ್ಬರ ಮನೋಧರ್ಮವೂ ಸೊಗಸಾಗಿ ಹೊಂದಿಕೊಂಡಿತು. ಜುಲೈ 13ರಂದು ಡ್ರಮ್ ವಾದಕ ಜೀನ್ ಕ್ರೂಪಾ ಅವರನ್ನು ಸೇರಿಸಿಕೊಂಡು ಮೂವರ ತಂಡವಾಗಿ ಧ್ವನಿಮುದ್ರಣ ಮಾಡಿದರು. ಈ ತಂಡದಲ್ಲಿ ಮಂದ್ರದ ನಾದವನ್ನು ನೀಡುವ ಬಾಸ್ ವಾದ್ಯವಿರಲಿಲ್ಲ. ಆ ಹೊಣೆಯನ್ನು ವಿಲ್ಸನ್ ಅವರ ಎಡಗೈ ಹೊತ್ತಿತು.

ಧ್ವನಿಮುದ್ರಣ ಕೊಠಡಿಯಲ್ಲಿ ಕರಿಯರೂ ಬಿಳಿಯರೂ ಜೊತೆಗೂಡಿ ನುಡಿಸುವುದು ಅದಕ್ಕೆ ಮೊದಲೂ ನಡೆದಿತ್ತು, ಏಕೆಂದರೆ ಅಲ್ಲಿ ಪ್ರೇಕ್ಷಕರಿರಲಿಲ್ಲ. ಸಾರ್ವಜನಿಕ ವೇದಿಕೆಯ ಮಾತು ಬೇರೆ. 1936ರ ಏಪ್ರಿಲ್ 12ರ ಈಸ್ಟರ್ ಭಾನುವಾರದಂದು ಶಿಕಾಗೊದ ಕಾಂಗ್ರೆಸ್ ಹೋಟೆಲಿನಲ್ಲಿ ಹೆಲೆನ್ ಓಕ್ಲಿ ಏರ್ಪಡಿಸಿದ ಕಚೇರಿಯಲ್ಲಿ ವಿಲ್ಸನ್, ಗುಡ್‌ಮನ್ ಮತ್ತು ಕ್ರೂಪಾ ಒಟ್ಟಿಗೆ ವೇದಿಕೆಯೇರಿದರು. ಸಭಿಕರು ಅವರನ್ನು ಸಂತೋಷದಿಂದ ಸ್ವೀಕರಿಸಿದರು. ಆ ಬಳಿಕ ವಿಲ್ಸನ್ ಗುಡ್‌ಮನ್ ಅವರೊಂದಿಗೆ ಪ್ರವಾಸ ಮಾಡತೊಡಗಿದರು. ಅದೇ ವರ್ಷ ವೈಬ್ರಫೋನ್ ವಾದಕ ಲಯನೆಲ್ ಹ್ಯಾಂಪ್ಟನ್ ಸೇರಿದಾಗ ತಂಡವು ನಾಲ್ವರದಾಯಿತು.

ಆದರೂ ಗೋಡೆಯು ಒಮ್ಮೆಗೇ ಬೀಳಲಿಲ್ಲ. ಗುಡ್‌ಮನ್ ಅವರ ದೊಡ್ಡ ವಾದ್ಯವೃಂದದಲ್ಲಿ ಪಿಯಾನೋದ ಮುಂದೆ ಕುಳಿತಿದ್ದವರು ಬಿಳಿಯರಾದ ಜೆಸ್ ಸ್ಟೇಸಿ. ವಿಲ್ಸನ್ ಮತ್ತು ಹ್ಯಾಂಪ್ಟನ್ ವಿಶೇಷ ಆಕರ್ಷಣೆಯೆಂಬಂತೆ ಚಿಕ್ಕ ತಂಡದ ಸರದಿ ಬಂದಾಗ ಮಾತ್ರ ವೇದಿಕೆಗೆ ಬರುತ್ತಿದ್ದರು. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗೀ ಹಾಲ್‌ನಲ್ಲಿ ನಡೆದ ಐತಿಹಾಸಿಕ ಕಚೇರಿಯಲ್ಲಿಯೂ ಇದೇ ಏರ್ಪಾಡಿತ್ತು. ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗಿನಲ್ಲಿ ಜಾಕಿ ರಾಬಿನ್ಸನ್ ಆಡಿ ವರ್ಣಭೇದವನ್ನು ಮುರಿದದ್ದು 1947ರಲ್ಲಿ. ಅದಕ್ಕಿಂತ ಹನ್ನೊಂದು ವರ್ಷ ಮೊದಲೇ ವಿಲ್ಸನ್ ಈ ಹೆಜ್ಜೆಯನ್ನಿಟ್ಟಿದ್ದರು ಎಂಬುದನ್ನು ನೆನೆದರೆ ಅದರ ಮಹತ್ವ ತಿಳಿಯುತ್ತದೆ.

ಸ್ವಂತ ವೃಂದ ಮತ್ತು ಕೆಫೆ ಸೊಸೈಟಿ

1939ರಲ್ಲಿ ಗುಡ್‌ಮನ್ ಅವರನ್ನು ಬಿಟ್ಟು ವಿಲ್ಸನ್ ತಮ್ಮದೇ ದೊಡ್ಡ ವಾದ್ಯವೃಂದವನ್ನು ಕಟ್ಟಿದರು. ಸ್ಯಾಕ್ಸೊಫೋನ್ ವಾದಕ ಬೆನ್ ವೆಬ್‌ಸ್ಟರ್ ಅವರಂತಹ ಸಮರ್ಥರು ಅದರಲ್ಲಿದ್ದರೂ ಅದು ಹೆಚ್ಚು ಕಾಲ ಬಾಳಲಿಲ್ಲ, 1940ರಲ್ಲಿ ವಿಸರ್ಜಿತವಾಯಿತು. ಬಳಿಕ ಆರು ಜನರ ತಂಡದೊಡನೆ 1944ರವರೆಗೆ ನ್ಯೂಯಾರ್ಕಿನ ಕೆಫೆ ಸೊಸೈಟಿಯಲ್ಲಿ ನುಡಿಸಿದರು. ವರ್ಣದ ಭೇದವಿಲ್ಲದೆ ಕಲಾವಿದರನ್ನೂ ಗ್ರಾಹಕರನ್ನೂ ಬರಮಾಡಿಕೊಳ್ಳುತ್ತಿದ್ದ ಸ್ಥಳವದು. ಎಡಪಂಥೀಯ ವಿಚಾರಗಳತ್ತ ಒಲವಿದ್ದ ವಿಲ್ಸನ್, ನ್ಯೂಯಾರ್ಕ್ ನಗರಸಭೆಗೆ ಸ್ಪರ್ಧಿಸಿದ ಕರಿಯ ನಾಯಕ ಬೆಂಜಮಿನ್ ಡೇವಿಸ್ ಅವರ ಚುನಾವಣೆಗಾಗಿ ಕಲಾವಿದರ ಬೆಂಬಲವನ್ನು ಒಗ್ಗೂಡಿಸಲು ಶ್ರಮಿಸಿದರು.

ವಾದನ ಶೈಲಿ

ವಿಲ್ಸನ್ ಅವರಿಗಿಂತ ಹಿಂದಿನ ಜಾಝ್ ಪಿಯಾನೋ ವಾದನದಲ್ಲಿ ಎಡಗೈಯ ಬಲವಾದ ಹೊಡೆತಕ್ಕೆ ಪ್ರಾಧಾನ್ಯವಿತ್ತು. ವಿಲ್ಸನ್ ಅದನ್ನು ಮೃದುಗೊಳಿಸಿದರು. ಅವರ ಎಡಗೈ ಒಂದು ಷಡ್ಜದಿಂದ ಮೇಲಿನ ಸ್ಥಾಯಿಯ ಗಾಂಧಾರದವರೆಗಿನ ಅಂತರದ ಸ್ವರಗಳನ್ನು ಜೊತೆಯಾಗಿ ಹಿಡಿದು, ಮೆಟ್ಟಿಲಿನಂತೆ ಸಾಗುತ್ತಿತ್ತು. ಬಲಗೈ ಒಂದೊಂದೇ ಸ್ವರವನ್ನು ಪೋಣಿಸಿ, ಉಸಿರಿನಿಂದ ನುಡಿಸುವ ವಾದ್ಯಗಳಂತೆ ಸ್ಪಷ್ಟವಾದ ಎಳೆಗಳನ್ನು ಹೆಣೆಯುತ್ತಿತ್ತು. ವೇಗದ ಗತಿಯಲ್ಲಿಯೂ ಅವರ ವಾದನದಲ್ಲಿ ಆತುರ ಕಾಣುವುದಿಲ್ಲ. ಈ ಸಂಯಮವೇ ಅವರನ್ನು ಶ್ರೇಷ್ಠ ಪಕ್ಕವಾದ್ಯಗಾರರನ್ನಾಗಿ ಮಾಡಿತು. ಪಕ್ಕವಾದ್ಯವೆಂದರೆ ಪ್ರಧಾನ ಕಲಾವಿದರನ್ನು ಹಿಂಬಾಲಿಸುವುದಷ್ಟೇ ಅಲ್ಲ, ಅವರಿಗೆ ಮುಂದಿನ ದಾರಿಯನ್ನು ಸದ್ದಿಲ್ಲದೆ ಸಿದ್ಧಗೊಳಿಸುವುದು ಎಂಬುದಕ್ಕೆ ಅವರ ವಾದನ ನಿದರ್ಶನವಾಗಿದೆ.

ಶಿಕ್ಷಕರಾಗಿ ಮತ್ತು ಕೊನೆಯ ವರ್ಷಗಳು

1945ರಿಂದ 1952ರವರೆಗೆ ವಿಲ್ಸನ್ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಬೋಧಿಸಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಹೆಸರಾದ ಅಂತಹ ಸಂಸ್ಥೆಯಲ್ಲಿ ಜಾಝ್ ಕಲಾವಿದರೊಬ್ಬರು ಪಾಠ ಹೇಳುವುದು ಆಗ ಅಪರೂಪವಾಗಿತ್ತು. ಮುಂದೆ ಹೆಸರು ಗಳಿಸಿದ ಪಿಯಾನೋ ವಾದಕ ಡಿಕ್ ಹೈಮನ್ ಅವರ ಶಿಷ್ಯರಲ್ಲೊಬ್ಬರು. ಗುಡ್‌ಮನ್ ಅವರ ಜೀವನವನ್ನು ಆಧರಿಸಿದ 1956ರ ಚಲನಚಿತ್ರದಲ್ಲಿ ವಿಲ್ಸನ್ ತಮ್ಮ ಪಾತ್ರವನ್ನು ತಾವೇ ವಹಿಸಿದರು. ಅದೇ ವರ್ಷ ಲೆಸ್ಟರ್ ಯಂಗ್ ಅವರೊಂದಿಗೆ ಪುನಃ ಧ್ವನಿಮುದ್ರಣ ಮಾಡಿದರು. 1962ರಲ್ಲಿ ಗುಡ್‌ಮನ್ ಸೋವಿಯತ್ ಒಕ್ಕೂಟದಲ್ಲಿ ಕೈಗೊಂಡ ಪ್ರವಾಸದಲ್ಲಿಯೂ ಪಾಲ್ಗೊಂಡರು. ಕೊನೆಯ ವರ್ಷಗಳಲ್ಲಿ ಅವರ ಪುತ್ರರಲ್ಲಿ ಇಬ್ಬರು ತಂದೆಯ ತಂಡದಲ್ಲಿ ಬಾಸ್ ಮತ್ತು ಡ್ರಮ್ ನುಡಿಸಿದರು.

1986ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ದತ್ತಿಯು ಅವರಿಗೆ 'ಜಾಝ್ ಮಾಸ್ಟರ್' ಗೌರವವನ್ನು ನೀಡಿತು. ಅದೇ ವರ್ಷ ಜುಲೈ 31ರಂದು ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ನಗರದಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ ವಿಲ್ಸನ್ ನಿಧನ ಹೊಂದಿದರು. ಅವರ ಆತ್ಮಕಥನವು ಮರಣಾನಂತರ, 1996ರಲ್ಲಿ ಪ್ರಕಟವಾಯಿತು.

ಪ್ರಮುಖ ಧ್ವನಿಮುದ್ರಣಗಳು

• ವಾಟ್ ಎ ಲಿಟ್ಲ್ ಮೂನ್‌ಲೈಟ್ ಕ್ಯಾನ್ ಡು (1935) – ಬಿಲ್ಲಿ ಹಾಲಿಡೇ ಅವರೊಂದಿಗೆ
• ಬಾಡಿ ಅಂಡ್ ಸೋಲ್ (1935) – ಗುಡ್‌ಮನ್ ಅವರ ಮೂವರ ತಂಡದಲ್ಲಿ
• ಬ್ಲೂಸ್ ಇನ್ ಸಿ ಶಾರ್ಪ್ ಮೈನರ್ (1936) – ಸ್ವಂತ ವೃಂದದೊಂದಿಗೆ
• ದಿಸ್ ಇಯರ್ಸ್ ಕಿಸಸ್ (1937) – ಬಿಲ್ಲಿ ಹಾಲಿಡೇ ಮತ್ತು ಲೆಸ್ಟರ್ ಯಂಗ್ ಅವರೊಂದಿಗೆ
• ಪ್ರೆಸ್ ಅಂಡ್ ಟೆಡ್ಡಿ (1956) – ಲೆಸ್ಟರ್ ಯಂಗ್ ಅವರೊಂದಿಗೆ