ಕಾಯಕದ ಬಾಗಿಲು ತೆರೆದ ಅರಸರು



ಕಾಯಕದಲ್ಲಿ ಮೇಲು ಕೀಳು ಇಲ್ಲವೆಂದು ನಾವು ನಿತ್ಯವೂ ಬೋಧಿಸುತ್ತೇವೆ. ಆದರೆ ಕಾಯಕ ನಡೆಯುವ ಕಚೇರಿಯ ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂದು ವಿಚಾರಿಸುವವರು ವಿರಳ. ಆ ವಿಚಾರವನ್ನು ನೂರು ವರ್ಷಗಳಿಗೂ ಹಿಂದೆ ಮಾಡಿ, ಆಚರಣೆಗೂ ತಂದವರು ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು.

ಮಹಾರಾಜರು 1874ರ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದರು. ತಾಯಿ ರಾಧಾಬಾಯಿಯವರು ನಮ್ಮ ಮುಧೋಳದ ಅರಸು ಮನೆತನದ ಮಗಳು. ಹತ್ತನೆಯ ವಯಸ್ಸಿನಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕರಾದ ಇವರು ಧಾರವಾಡದಲ್ಲಿ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯ ಬಳಿ ವಿದ್ಯಾಭ್ಯಾಸ ಮಾಡಿದರು. ಅದೇ ಗುರುಗಳು ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಪಾಠ ಹೇಳಿದರು. ಆ ಇಬ್ಬರು ಶಿಷ್ಯರೂ ಹಿಂದುಳಿದವರಿಗೆ ಸರ್ಕಾರಿ ನೌಕರಿಯ ದಾರಿ ತೋರಿದ್ದು ಸ್ಮರಣೀಯ.

1894ರಲ್ಲಿ ರಾಜ್ಯಭಾರ ವಹಿಸಿಕೊಂಡಾಗ ಮಹಾರಾಜರು ತಮ್ಮ ಕಚೇರಿಗಳ ಕಡೆಗೆ ಕಣ್ಣು ಹಾಯಿಸಿದರು. ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60ರಲ್ಲಿ ಬ್ರಾಹ್ಮಣ ಸಮುದಾಯದವರೇ ಇದ್ದರು. ವಿದ್ಯೆ ತಲೆತಲಾಂತರದಿಂದ ಕೆಲವರ ಮನೆಗಷ್ಟೇ ತಲುಪಿತ್ತು. ಉಳಿದವರು ಹೊಲ, ಗಾಣ, ಮಗ್ಗಗಳಲ್ಲೇ ಉಳಿದಿದ್ದರು. ಓದದವರಿಗೆ ಹುದ್ದೆಯಿಲ್ಲ, ಹುದ್ದೆಯ ಆಸೆಯಿಲ್ಲದವರು ಓದುವುದಿಲ್ಲ. ಈ ಗಂಟನ್ನು ಎರಡೂ ತುದಿಗಳಿಂದ ಬಿಡಿಸಬೇಕೆಂದು ಮಹಾರಾಜರು ಅರಿತರು.

ಮೊದಲನೆಯದು ಅನ್ನ ಮತ್ತು ಆಶ್ರಯ. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆಯಿತು. ಮುಂದೆ ಜೈನ, ಲಿಂಗಾಯತ, ಮುಸಲ್ಮಾನ ವಿದ್ಯಾರ್ಥಿಗಳಿಗೂ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗೂ ವಸತಿಗೃಹಗಳಾದವು. ಹಳ್ಳಿಯ ಬಡ ಹುಡುಗನಿಗೆ ಪಟ್ಟಣದಲ್ಲಿ ಒಂದು ಚಾಪೆ, ಎರಡು ಹೊತ್ತಿನ ಊಟ ದೊರೆತರೆ ಸಾಕು, ಅವನು ಓದಬಲ್ಲ.

ಎರಡನೆಯದು ಕಟ್ಟುನಿಟ್ಟಿನ ಆಜ್ಞೆ. 1902ರ ಜುಲೈ 26ರ ಆಜ್ಞೆಯಂತೆ ಮುಂದೆ ತೆರವಾಗುವ ಸ್ಥಾನಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಡಲಾಯಿತು. ಯಾವ ಕಚೇರಿಯಲ್ಲಿ ಆ ಪ್ರಮಾಣ ಕಡಿಮೆಯಿದೆಯೋ ಅಲ್ಲಿ ಮುಂದಿನ ನೇಮಕ ಅವರಿಗೇ ಸಲ್ಲಬೇಕು. ಪ್ರತಿ ಇಲಾಖೆಯ ಮುಖ್ಯಸ್ಥನೂ ಮೂರು ತಿಂಗಳಿಗೊಮ್ಮೆ ನೇಮಕಗಳ ತಖ್ತೆ ಒಪ್ಪಿಸಬೇಕು. ಈ ಕೊನೆಯ ಮಾತನ್ನು ಭಕ್ತರು ವಿಶೇಷವಾಗಿ ಗಮನಿಸಬೇಕು. ಲೆಕ್ಕ ಕೇಳುವವರಿಲ್ಲದ ಆಜ್ಞೆ ಕಾಗದದಲ್ಲೇ ಮುಪ್ಪಾಗುತ್ತದೆ. ಮಹಾರಾಜರು ಲೆಕ್ಕ ಕೇಳಿದರು. 1912ರ ವೇಳೆಗೆ ಹುದ್ದೆಗಳು 95 ಆದಾಗ ಬ್ರಾಹ್ಮಣ ಅಧಿಕಾರಿಗಳು 35 ಮಂದಿ ಇದ್ದರು. ಯಾರನ್ನೂ ಹೊರದೂಡದೆ, ತೆರವಾದ ಸ್ಥಾನಗಳಿಂದಲೇ ಈ ಬದಲಾವಣೆಯ ಹಾದಿ ತೆರೆಯಿತು.

ಮೂರನೆಯದೇ ಅತ್ಯಂತ ಕಠಿಣವಾದುದು. ಗಂಗಾರಾಮ ಕಾಂಬಳೆ ಎಂಬವರು ಅರಮನೆಯ ಕುದುರೆಲಾಯದಲ್ಲಿ ಸೇವಕರಾಗಿದ್ದರು. ಮೇಲ್ಜಾತಿಯವರ ನೀರನ್ನು ಮುಟ್ಟಿದರೆಂದು ಜೊತೆಯ ನೌಕರರು ಅವರನ್ನು ಥಳಿಸಿದರು. ಕೆಲಸವೇನೋ ಅರಸರದೇ ಆಗಿತ್ತು, ಸಂಬಳವೂ ಬರುತ್ತಿತ್ತು. ನೀರು ಮಾತ್ರ ಬೇರೆಯಾಗಿತ್ತು. ವಿಷಯ ತಿಳಿದ ಮಹಾರಾಜರು ತಪ್ಪಿತಸ್ಥರನ್ನು ದಂಡಿಸಿ, ಗಂಗಾರಾಮರಿಗೆ ಕೊಲ್ಹಾಪುರದಲ್ಲಿಯೇ ಚಹದ ಅಂಗಡಿ ಹಾಕಲು ನೆರವಾದರು. ಅಲ್ಲಿಗೆ ಜನ ಬಾರದಾದಾಗ ತಮ್ಮ ಸಾರೋಟನ್ನು ಅಂಗಡಿಯ ಮುಂದೆ ನಿಲ್ಲಿಸಿ ತಾವೇ ಚಹ ಕುಡಿದರು. ಸಂಗಡ ಇದ್ದವರಿಗೂ ಕುಡಿಸಿದರು. ಆಜ್ಞೆ ಮಾಡಲಾರದ ಕೆಲಸವನ್ನು ಒಂದು ಬಟ್ಟಲು ಚಹ ಮಾಡಿತು.

1922ರ ಮೇ 6ರಂದು, ಐವತ್ತೂ ತುಂಬುವ ಮೊದಲೇ, ಮಹಾರಾಜರು ಮುಂಬಯಿಯಲ್ಲಿ ದೇಹವಿಟ್ಟರು.

ನಮ್ಮ ಭಕ್ತರಲ್ಲಿ ಕಾರ್ಖಾನೆ ನಡೆಸುವವರಿದ್ದಾರೆ, ಶಾಲೆ, ಬ್ಯಾಂಕು, ಸಂಘಗಳ ಹೊಣೆ ಹೊತ್ತವರಿದ್ದಾರೆ. ಸಮಾನತೆಯ ಮೇಲೆ ವರ್ಷಕ್ಕೊಮ್ಮೆ ಭಾಷಣ ಏರ್ಪಡಿಸಿ, ಹಾರ ಹಾಕಿಸಿಕೊಂಡು ಮನೆಗೆ ಹೋದರೆ ಏನೂ ಸಾಧಿಸಿದಂತಾಗದು. ಹೊರಗುಳಿದವರನ್ನು ಕಲಿಸಿ ಸಿದ್ಧಗೊಳಿಸಿದ್ದೀರಾ? ಯಾರನ್ನು ನೇಮಿಸಿದಿರೆಂದು ಲೆಕ್ಕ ಇಟ್ಟಿದ್ದೀರಾ? ಒಳಬಂದವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿದ್ದೀರಾ? ಮೂರಕ್ಕೂ ಹೌದೆನ್ನಲು ಸಾಧ್ಯವಾದಾಗಲೇ ಬಾಗಿಲು ತೆರೆದಿದೆಯೆಂದು ಅರ್ಥ.

ಈ ಪ್ರಶ್ನೆಗಳನ್ನು ನಾವು ನಮ್ಮ ಮಠಕ್ಕೂ ಹಾಕಿಕೊಂಡಿದ್ದೇವೆ. ಮೊದಲನೆಯದಕ್ಕೆ ನಮ್ಮ ಪ್ರಸಾದ ನಿಲಯ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ನಮ್ಮಲ್ಲಿ ಇನ್ನೂ ತಖ್ತೆಯಿಲ್ಲ. ಅದನ್ನು ಬರೆಯಲು ನಾವೇ ಮೊದಲು ಕೂರುತ್ತೇವೆ, ನೀವೂ ಕುಳಿತುಕೊಳ್ಳಿರಿ.

ಸರ್ವರಿಗೂ ಸನ್ಮಂಗಳವಾಗಲಿ.